ಮೆಟ್ಟಿಲ ನಡುವಿನಿಂದ ಬಂದ ಮಾತು

ಪ್ರಶ್ನೆ: ಕಾರ್ಕಳ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಕಳೆದ ವಾರ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನ ‘ಮದರ್ ಟು ಸನ್’ ಪದ್ಯವನ್ನು ಪಾಠ ಮಾಡಿದೆ. ‘ಇದು ಮರಳಿ ಯತ್ನವ ಮಾಡು ಅಂದ ಹಾಗೆಯೇ ಅಲ್ಲವೇ, ಇದರಲ್ಲಿ ಪದ್ಯ ಎಲ್ಲಿದೆ?’ ಎಂದು ಒಬ್ಬ ಹುಡುಗ ಕೇಳಿದ. ಭಾಷೆ ತಪ್ಪುತಪ್ಪಾಗಿದೆ ಎಂದು ಉಳಿದವರು ನಕ್ಕರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು, ಅವಳ ತಾಯಿ ಬೀಡಿ ಕಟ್ಟುತ್ತಾರೆ, ‘ಆ ತಾಯಿಗೆ ಅಂಥ ಮೆಟ್ಟಿಲು ಕೊಟ್ಟವರು ಯಾರೆಂದು ಪದ್ಯ ಹೇಳುವುದೇ ಇಲ್ಲವಲ್ಲ ಮೇಡಂ, ಸಹಿಸಿಕೋ ಎಂದಷ್ಟೇ ಅರ್ಥವೇ?’ ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಪದ್ಯವನ್ನು ಕನ್ನಡಕ್ಕೆ ತಂದು ವಿವರಿಸೋಣ ಎಂದರೆ ಯಾವ ಕನ್ನಡಕ್ಕೆ ತರಬೇಕೆಂದೂ ತಿಳಿಯುತ್ತಿಲ್ಲ.

ಉತ್ತರ: ಕೊನೆಯ ಬೆಂಚಿನ ಪ್ರಶ್ನೆಯೇ ಇವುಗಳಲ್ಲಿ ದೊಡ್ಡದು. ಆದರೆ ನಕ್ಕವರನ್ನು ದಾಟದೆ ಅಲ್ಲಿಗೆ ಹೋಗಲಾಗುವುದಿಲ್ಲ. ಹಾಗಾಗಿ ಭಾಷೆಯಿಂದಲೇ ಹೊರಡುತ್ತೇನೆ.

ಪದ್ಯ ಕೈಯಲ್ಲಿಲ್ಲದ ಓದುಗರಿಗಾಗಿ ಅದರ ಸಾರ ಇಷ್ಟು. ತಾಯಿಯೊಬ್ಬಳು ಮಗನಿಗೆ ಹೇಳುತ್ತಿದ್ದಾಳೆ. ನನ್ನ ಪಾಲಿಗೆ ಬದುಕು ಸ್ಫಟಿಕದ ಮೆಟ್ಟಿಲಾಗಿರಲಿಲ್ಲ. ಅದರಲ್ಲಿ ಮೊಳೆಗಳಿದ್ದವು, ಮರದ ಸಿಬಿರುಗಳಿದ್ದವು, ಹಲಗೆ ಕಿತ್ತುಹೋದ ಜಾಗಗಳಿದ್ದವು, ಹಾಸುಗಂಬಳಿ ಇಲ್ಲದ ಬರಿ ನೆಲವಿತ್ತು. ಆದರೂ ಹತ್ತುತ್ತಲೇ ಬಂದೆ, ತಿರುವುಗಳಲ್ಲಿ ತಿರುಗಿದೆ, ಬೆಳಕಿಲ್ಲದ ಕಡೆ ಕತ್ತಲಲ್ಲೇ ನಡೆದೆ. ನೀನು ಹಿಂದಿರುಗಬೇಡ, ಮೆಟ್ಟಿಲ ಮೇಲೆ ಕುಳಿತುಬಿಡಬೇಡ, ಈಗ ಬೀಳಬೇಡ. ನಾನು ಇನ್ನೂ ಹತ್ತುತ್ತಲೇ ಇದ್ದೇನೆ. ಒಟ್ಟು ಇಪ್ಪತ್ತೇ ಸಾಲು.

ಈ ಪದ್ಯವನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನಮ್ಮ ಮಕ್ಕಳು ಇದರಲ್ಲಿ ಎಡವುವ ಜಾಗಗಳು ನನಗೆ ಬಾಯಿಪಾಠ. ‘ಏಂಟ್ ಬೀನ್ ನೋ’ ಎಂಬುದು ಒಂದು. ನಿಷೇಧ ಎರಡು ಬಾರಿ ಬಂದಿದೆ, ಎರಡು ‘ಇಲ್ಲ’ ಸೇರಿದರೆ ‘ಹೌದು’ ಆಗಬೇಕು, ಹಾಗಾದರೆ ಅವಳ ಬದುಕು ಸ್ಫಟಿಕದ ಮೆಟ್ಟಿಲೇ ಆಗಿತ್ತು ಎಂದು ಉತ್ತರಪತ್ರಿಕೆಯಲ್ಲಿ ಬರೆದವರಿದ್ದಾರೆ. ಗಣಿತದಲ್ಲಿ ಜಾಣರಾದವರೇ ಹಾಗೆ ಬರೆಯುತ್ತಿದ್ದರು. ಅವರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಅಂಗಡಿಯಲ್ಲಿ ಸಕ್ಕರೆ ಇದೆಯೇ ಎಂದು ಕೇಳಿದಾಗ ಅಂಗಡಿಯವನು ‘ಇಲ್ಲವೇ ಇಲ್ಲ’ ಎಂದರೆ ನೀವು ಚೀಲ ಬಿಡಿಸುತ್ತೀರಾ? ಅಲ್ಲಿಗೆ ತರಗತಿಗೆ ಅರ್ಥವಾಗುತ್ತಿತ್ತು. ನಿಷೇಧಕ್ಕೆ ಒತ್ತು ಕೊಡಲು ಎರಡು ಸಲ ಹೇಳುವುದು ಕನ್ನಡಕ್ಕೆ ಹೊಸದಲ್ಲ. ಆ ತಾಯಿಯ ಇಂಗ್ಲಿಷಿಗೂ ಅದು ತಪ್ಪಲ್ಲ, ಅದರ ನಿಯಮವೇ ಹಾಗೆ.

ಇನ್ನೊಂದು ‘ಕೈಂಡರ್’. ನಿಘಂಟು ನೋಡಿದವರು ‘ಹೆಚ್ಚು ಕರುಣೆಯುಳ್ಳ’ ಎಂದು ಬರೆದು ತರುತ್ತಾರೆ. ಅದು ‘ಕೈಂಡ್ ಆಫ್’ ಎನ್ನುವುದರ ಬಾಯಿಮಾತಿನ ರೂಪ. ಒಂದು ಥರಾ, ಸ್ವಲ್ಪ ಎಂದರ್ಥ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಪದ್ಯದ ಹರಿತ ಇರುವುದು ಇಲ್ಲಿ. ತನ್ನ ಮೊಳೆ, ಸಿಬಿರು, ಕತ್ತಲನ್ನೆಲ್ಲ ಎಣಿಸಿ ಮುಗಿಸಿದವಳು ಮಗನ ಕಷ್ಟಕ್ಕೆ ಬಂದಾಗ ‘ಸ್ವಲ್ಪ ಕಷ್ಟ ಎಂದು ಕಂಡಿತು ಅಂತ ಕುಳಿತುಬಿಡಬೇಡ’ ಎನ್ನುತ್ತಾಳೆ. ಆ ‘ಸ್ವಲ್ಪ’ದಲ್ಲಿ ಒಂದು ಚಿವುಟು ಇದೆ. ಮಗನ ಕಷ್ಟವನ್ನು ಅವಳು ಅಲ್ಲಗಳೆಯುವುದಿಲ್ಲ, ಅದರ ಅಳತೆ ಹೇಳುತ್ತಾಳೆ.

‘ಹನಿ’ ಎಂಬಲ್ಲಿ ನಗು ಬರುತ್ತದೆ, ಬರಲಿ. ನಮ್ಮಲ್ಲಿ ಚಿನ್ನ, ಪುಟ್ಟ ಎನ್ನುವುದಿಲ್ಲವೇ. ‘ಬಾಯ್’ ಎಂಬಲ್ಲಿ ಮಾತ್ರ ಒಂದು ನಿಮಿಷ ನಿಲ್ಲಿ. ಆ ಕಾಲದ ಅಮೆರಿಕದಲ್ಲಿ ಬಿಳಿಯರು ನರೆತ ಕೂದಲಿನ ಕಪ್ಪು ಗಂಡಸರನ್ನೂ ‘ಬಾಯ್’ ಎಂದೇ ಕರೆಯುತ್ತಿದ್ದರು. ನಮ್ಮೂರುಗಳಲ್ಲಿ ಧನಿಗಳ ಮನೆಯ ಚಿಕ್ಕ ಮಕ್ಕಳು ಮುದುಕ ಒಕ್ಕಲನ್ನು ಏಕವಚನದಲ್ಲಿ ಕರೆಯುತ್ತಿದ್ದುದನ್ನು ನಿಮ್ಮ ವಿದ್ಯಾರ್ಥಿಗಳ ಅಜ್ಜಂದಿರು ಇನ್ನೂ ಮರೆತಿರಲಾರರು. ಅದೇ ಪದ ತಾಯಿಯ ಬಾಯಲ್ಲಿ ಬಂದಾಗ ಮತ್ತೆ ಮಗ ಎಂಬ ಅರ್ಥಕ್ಕೆ ಮರಳುತ್ತದೆ.

ಈಗ, ನಕ್ಕವರ ವಿಷಯ. ಇಂಥ ಭಾಷೆ ಕೇಳಿ ನಗುವ ರೂಢಿ ಅಮೆರಿಕದಲ್ಲೇ ಇತ್ತು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಮಾತನ್ನು ಅಣಕಿಸುವ ರಂಗಪ್ರದರ್ಶನಗಳು ಹತ್ತೊಂಬತ್ತನೇ ಶತಮಾನದಲ್ಲಿ ಬಹಳ ಜನಪ್ರಿಯವಾಗಿದ್ದವು. ಅದರಿಂದ ಬೇಸತ್ತು ಕಪ್ಪು ಲೇಖಕರಲ್ಲೇ ಹಲವರು ಆಡುನುಡಿಯ ಸಹವಾಸವೇ ಬೇಡ ಎನ್ನುತ್ತಿದ್ದರು. ಜೇಮ್ಸ್ ವೆಲ್ಡನ್ ಜಾನ್ಸನ್ ಎಂಬ ಹಿರಿಯ ಕವಿ 1922ರಲ್ಲಿ ತಾನು ಸಂಪಾದಿಸಿದ ಕಪ್ಪು ಕವಿಗಳ ಸಂಕಲನದ ಮುನ್ನುಡಿಯಲ್ಲಿ, ಆ ಆಡುನುಡಿ ನಗು ಮತ್ತು ಕರುಣೆ ಎಂಬ ಎರಡೇ ಸ್ವರ ಹೊರಡಿಸಬಲ್ಲ ವಾದ್ಯ ಎಂಬರ್ಥದ ಮಾತು ಬರೆದ. ಅದೇ ವರ್ಷದ ಡಿಸೆಂಬರ್‌ನಲ್ಲಿ ‘ದ ಕ್ರೈಸಿಸ್’ ಪತ್ರಿಕೆಯಲ್ಲಿ ಈ ಪದ್ಯ ಪ್ರಕಟವಾಯಿತು. ಪತ್ರಿಕೆಯ ಸಂಪಾದಕ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್. ಕವಿಗೆ ಆಗ ಇಪ್ಪತ್ತೊಂದರ ಆಸುಪಾಸು. ಆ ಮುನ್ನುಡಿಗೆ ಉತ್ತರವಾಗಿ ಬರೆದ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಎರಡೇ ಸ್ವರವಿದೆ ಎಂದ ವಾದ್ಯದಲ್ಲಿ ಹುಡುಗನೊಬ್ಬ ಮೂರನೆಯದನ್ನು ನುಡಿಸಿಬಿಟ್ಟಿದ್ದಾನೆ.

ಇದನ್ನು ನಮ್ಮ ಮಕ್ಕಳಿಗೆ ಮುಟ್ಟಿಸಲು ಯಕ್ಷಗಾನಕ್ಕಿಂತ ಹತ್ತಿರದ ದಾರಿ ಇಲ್ಲ. ಕನ್ನಡದ ಪೌರಾಣಿಕ ಪ್ರಸಂಗದಲ್ಲಿ ರಾಜ, ರಾಣಿ, ಋಷಿಗಳಿಗೆ ಗ್ರಾಂಥಿಕ ಕನ್ನಡ. ಆಡುಮಾತು ಹಾಸ್ಯಗಾರನ ಪಾಲಿನದು, ಅವನು ಬಾಯಿ ತೆರೆದರೆ ಸಭೆ ನಗಲು ತಯಾರಾಗಿರುತ್ತದೆ. ಅದೇ ಆಡುಮಾತಿನಲ್ಲಿ, ಒಂದು ಚೂರೂ ನಗಿಸದೆ, ಕುಂತಿ ಕರ್ಣನೆದುರು ನಿಂತು ಮಾತಾಡಿದರೆ ಹೇಗಿದ್ದೀತು? ಮೊದಲ ವಾಕ್ಯಕ್ಕೆ ಯಾರೋ ನಕ್ಕಾರು. ಮೂರನೆಯ ವಾಕ್ಯಕ್ಕೆ ಇಡೀ ರಂಗಸ್ಥಳ ಸ್ತಬ್ಧವಾದೀತು. ಹ್ಯೂಸ್ ಮಾಡಿದ್ದು ಅದನ್ನೇ. ಅದೂ ಅಳತೆ ತಪ್ಪದೆ.

ಹುಡುಗನ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ಪದ್ಯ ಎಲ್ಲಿದೆ? ಅವನ ಕೈಗೆ ಪೆನ್ಸಿಲ್ ಕೊಟ್ಟು ಉಪದೇಶದ ಸಾಲುಗಳ ಕೆಳಗೆ ಗೆರೆ ಎಳೆಯಲು ಹೇಳಿ. ಹದಿಮೂರು ಸಾಲು ದಾಟುವವರೆಗೆ ಪೆನ್ಸಿಲ್‌ಗೆ ಕೆಲಸವೇ ಇಲ್ಲ. ಹದಿನಾಲ್ಕನೆಯ ಸಾಲಿನಲ್ಲಿ ಮೊದಲ ‘ಬೇಡ’ ಬರುತ್ತದೆ. ಒಟ್ಟು ಮೂರು ‘ಬೇಡ’. ಇಂಥದ್ದನ್ನು ಮಾಡು, ಹೀಗೆ ಬದುಕು, ಇಂಥವನಾಗು ಎಂಬ ಒಂದು ವಿಧಿವಾಕ್ಯವೂ ಇಲ್ಲ. ಕಷ್ಟದ ಮಳೆ ಸುರಿಯುವಾಗ ಕಲ್ಲಾಗು ಎನ್ನುವ ಕಗ್ಗವನ್ನು ನಿಮ್ಮ ಮಕ್ಕಳು ಖಂಡಿತ ಹೋಲಿಕೆಗೆ ತರುತ್ತಾರೆ. ತರಲಿ, ಅದು ದೊಡ್ಡ ಪದ್ಯ. ಆದರೆ ಅಲ್ಲಿ ಮಾತನಾಡುವವರು ಲೋಕವನ್ನೆಲ್ಲ ನೋಡಿ ಮುಗಿಸಿ ಜಗಲಿಯಲ್ಲಿ ಕುಳಿತ ಹಿರಿಯರು. ಈ ತಾಯಿ ಕುಳಿತಿಲ್ಲ. ಅವಳು ಮೇಲೆ ತಲುಪಿ ಅಲ್ಲಿಂದ ಬಗ್ಗಿ ಕೂಗುತ್ತಿಲ್ಲ. ಮಗನಿಗಿಂತ ನಾಲ್ಕು ಮೆಟ್ಟಿಲು ಮುಂದೆ, ಏದುಸಿರು ಬಿಡುತ್ತ, ತಿರುಗಿ ನೋಡಿ ಹೇಳುತ್ತಿದ್ದಾಳೆ. ಗೆದ್ದವರ ಉಪದೇಶ ಎಲ್ಲರಿಗೂ ಗೊತ್ತಿರುವಂಥದ್ದು, ವಾರ್ಷಿಕೋತ್ಸವಕ್ಕೆ ಅತಿಥಿಗಳಾಗಿ ಬಂದವರೆಲ್ಲ ಕೊಟ್ಟು ಹೋಗಿರುತ್ತಾರೆ. ಇನ್ನೂ ಗೆಲ್ಲದವಳ ಉಪದೇಶ ಇದು. ಪದ್ಯ ಇರುವುದು ಅಲ್ಲಿ, ‘ಇನ್ನೂ’ ಎಂಬ ಪದದಲ್ಲಿ.

ಮೊದಲ ಪದವನ್ನೂ ತೋರಿಸಿ. ಪದ್ಯ ‘ವೆಲ್’ ಎಂದು ಶುರುವಾಗುತ್ತದೆ. ಯಾರೂ ಏನೂ ಕೇಳದೆ ಇದ್ದಾಗ ಆ ಪದ ಬರುವುದಿಲ್ಲ. ಮಗ ಏನೋ ಹೇಳಿದ್ದಾನೆ, ಅದು ನಮಗೆ ಕೇಳಿಸಿಲ್ಲ. ಸಾಕಾಯಿತು ಎಂದನೇ? ಊರು ಬಿಡುತ್ತೇನೆ ಎಂದನೇ? ನಿನಗೇನು ಗೊತ್ತು ಎಂದನೇ? ತರಗತಿಯಲ್ಲಿ ಈ ಒಂದು ಪ್ರಶ್ನೆ ಹಾಕಿ ಐದು ನಿಮಿಷ ಸುಮ್ಮನಿರಿ. ಮಕ್ಕಳು ತಂತಮ್ಮ ಮನೆಯ ಮಾತುಗಳನ್ನೇ ತಂದು ಅಲ್ಲಿ ಇಡುತ್ತಾರೆ.

ನಾನು ಇಟ್ಟ ಮಾತನ್ನೂ ಹೇಳಿಬಿಡುತ್ತೇನೆ. ನನ್ನ ತಾಯಿಯೂ ಬೀಡಿ ಕಟ್ಟಿದವರು. ನಮ್ಮ ಮನೆ ಗುಡ್ಡದ ಮೇಲೆ, ದಾರಿಯಿಂದ ಮೇಲಕ್ಕೆ ಮುರಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತಿತ್ತು. ಪಿಯುಸಿಯಲ್ಲಿ ಗಣಿತ ಹೋಯಿತೆಂದು ತಿಳಿದ ದಿನ ಮಂಗಳೂರಿನಿಂದ ಬಂದವನು ಮನೆಗೆ ಹೋಗದೆ ಆ ಮೆಟ್ಟಿಲಲ್ಲೇ ಕುಳಿತಿದ್ದೆ. ತಾಯಿ ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನೆನೆಸಿದ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಉದುರಿಸಿ, ಬೆರಳಲ್ಲಿ ಉರುಳಿಸಿ, ನೂಲು ಸುತ್ತಿ, ತುದಿ ಮಡಚುವುದು. ಆ ಕೈ ನಿಲ್ಲಲಿಲ್ಲ. ನನ್ನ ಮುಖ ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿಂದಿನ ದಿನ ತಾವು ಕೊಂಡುಹೋದ ಕಟ್ಟುಗಳಲ್ಲಿ ಅರ್ಧದಷ್ಟನ್ನು ಸರಿಯಿಲ್ಲವೆಂದು ತೆಗೆದು ಹಾಕಿದ್ದನ್ನು ತುಳುವಿನಲ್ಲಿ ಹೇಳಿದರು, ಯಾರಿಗೋ ಹೇಳುವಂತೆ. ಎಲೆಯೇ ಕಳಪೆಯದು ಬಂದಿತ್ತು, ನಷ್ಟ ಮಾತ್ರ ಕಟ್ಟಿದವರದು ಎಂದರು. ಮೂವತ್ತು ನಲವತ್ತು ಬೀಡಿ ಆಗುವಷ್ಟು ಹೊತ್ತು ಹೀಗೇ ಕಳೆಯಿತು. ಆಮೇಲೆ ತಲೆ ಎತ್ತದೆ ‘ಉಲಾಯಿ ಬಲ’ ಎಂದರು. ಒಳಗೆ ಬಾ, ಅಷ್ಟೆ. ಓದು ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹ್ಯೂಸ್‌ನನ್ನು ಓದುವಾಗ ಅವರು ಆ ದಿನ ನನಗೆ ಹದಿಮೂರು ಸಾಲು ಹೇಳಿ ಹದಿನಾಲ್ಕನೆಯದನ್ನು ನುಂಗಿಕೊಂಡಿದ್ದರು ಎನಿಸಿತು.

ಈಗ ಕೊನೆಯ ಬೆಂಚಿನ ಪ್ರಶ್ನೆ. ಮೆಟ್ಟಿಲು ಕೊಟ್ಟವರು ಯಾರು? ಆ ಹುಡುಗಿ ಸರಿಯಾಗಿಯೇ ಗಮನಿಸಿದ್ದಾಳೆ. ಪದ್ಯದಲ್ಲಿ ಬಣ್ಣದ ಹೆಸರಿಲ್ಲ, ಗುಲಾಮಗಿರಿಯ ಹೆಸರಿಲ್ಲ, ಮಾಲೀಕನ ಹೆಸರಿಲ್ಲ. ಆದರೆ ಎರಡನೆಯ ಸಾಲಿನಲ್ಲಿ ‘ನನ್ನ ಪಾಲಿಗೆ’ ಎಂಬ ಸಣ್ಣ ಮಾತಿದೆ. ಕನ್ನಡದಲ್ಲಿ ಹೇಳುವಾಗ ಅದನ್ನು ನಾವು ಸಾಮಾನ್ಯವಾಗಿ ‘ನನ್ನ ಬದುಕು ಸ್ಫಟಿಕದ ಮೆಟ್ಟಿಲಾಗಿರಲಿಲ್ಲ’ ಎಂದು ಸವರಿಬಿಡುತ್ತೇವೆ. ಹಾಗೆ ಮಾಡಿದರೆ ಅದು ಬರಿಯ ಅಳಲು. ‘ನನ್ನ ಪಾಲಿಗೆ ಬದುಕು ಹಾಗಿರಲಿಲ್ಲ’ ಎಂದರೆ ಬೇರೆಯವರ ಪಾಲಿಗೆ ಹಾಗಿತ್ತು ಎಂಬುದು ಹಿಂದೆಯೇ ಬರುತ್ತದೆ. ಅಣ್ಣ ತಮ್ಮಂದಿರ ಮನೆಪಾಲು ಆಗುವಾಗ ಒಬ್ಬ ‘ನನ್ನ ಪಾಲಿಗೆ ಬಂದದ್ದು ಗುಡ್ಡೆ’ ಎಂದರೆ ಗದ್ದೆ ಯಾರಿಗೆ ಹೋಯಿತೆಂದು ಬಿಡಿಸಿ ಹೇಳಬೇಕೇ? ಸ್ಫಟಿಕದ ಮೆಟ್ಟಿಲು ಇದೆ, ಅದನ್ನು ಹತ್ತುವವರಿದ್ದಾರೆ, ಅದನ್ನು ಅವಳು ನೋಡಿದ್ದಾಳೆ. ಬಹುಶಃ ಒರೆಸಿಯೂ ಇದ್ದಾಳೆ, ಆದರೆ ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ ಎನ್ನಿ.

ಹಲಗೆಗಳ ಕಡೆಗೂ ನೋಡಿ. ಕಿತ್ತುಹೋದ ಹಲಗೆಯನ್ನು ಯಾರೂ ಮತ್ತೆ ಹೊಡೆಸಿಲ್ಲ. ದೀಪವಿರಬೇಕಾದಲ್ಲಿ ದೀಪವಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟವರು ಯಾರೋ, ದುರಸ್ತಿ ಮಾಡಿಸದವರು ಯಾರೋ. 1910ರ ನಂತರದ ದಶಕಗಳಲ್ಲಿ ಅಮೆರಿಕದ ದಕ್ಷಿಣದಿಂದ ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಜನ ವಲಸೆ ಹೋದರು. 1970ರ ಹೊತ್ತಿಗೆ ಆ ಸಂಖ್ಯೆ ಅರವತ್ತು ಲಕ್ಷದ ಹತ್ತಿರ. ಅವರಿಗೆ ಸಿಕ್ಕಿದ್ದು ಇಕ್ಕಟ್ಟಾದ ಬಹುಮಹಡಿ ವಠಾರಗಳು, ಹೆಚ್ಚಿನ ಬಾಡಿಗೆ, ಕತ್ತಲೆಯ ಮೆಟ್ಟಿಲು. ಪದ್ಯದ ರೂಪಕ ಆಕಾಶದಿಂದ ಇಳಿದದ್ದಲ್ಲ, ಕಾಲಿಗೆ ಚುಚ್ಚಿದ್ದು. ಕಷ್ಟಕ್ಕೆ ಹೆಸರಿಟ್ಟು ಎಣಿಸುವುದು ಸಹಿಸಿಕೊಳ್ಳುವುದಲ್ಲ. ಅದು ಲೆಕ್ಕ ಇಡುವುದು. ಸಹಿಸಿಕೋ ಎನ್ನುವವರು ಮೊಳೆಗಳ ಸುದ್ದಿ ಎತ್ತುವುದಿಲ್ಲ.

ಆ ಹುಡುಗಿಗೆ ಇನ್ನೊಂದು ಸಂಗತಿ ಹೇಳಿ. 1967ರ ಮೇ ತಿಂಗಳಲ್ಲಿ ಹ್ಯೂಸ್ ತೀರಿಕೊಂಡ. ಅದೇ ಅಕ್ಟೋಬರ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಫಿಲಡೆಲ್ಫಿಯಾದ ಒಂದು ಶಾಲೆಯ ಮಕ್ಕಳೆದುರು ಭಾಷಣ ಮಾಡಿದಾಗ ಈ ಪದ್ಯವನ್ನು ನೆನೆದ. ಹೋರಾಟ ಬಿಡಿ ಎಂದು ಹೇಳಲು ಹೋದ ಮನುಷ್ಯನಲ್ಲ ಆತ.

ಸ್ಫಟಿಕದ ಬಗ್ಗೆಯೂ ಒಂದು ಮಾತು. ಒಮ್ಮೆ ನನ್ನ ತರಗತಿಯಲ್ಲಿ ತಾಳಮದ್ದಳೆ ಕೇಳಿ ಬೆಳೆದ ಹುಡುಗನೊಬ್ಬ ಎದ್ದು, ‘ಸರ್, ಸ್ಫಟಿಕದ ನೆಲ ಎಂದರೆ ಮಯಸಭೆ, ಅಲ್ಲಿ ದುರ್ಯೋಧನನೇ ಮೋಸಹೋದ, ಹಾಗಾದರೆ ಸ್ಫಟಿಕದ ಮೆಟ್ಟಿಲು ಇಲ್ಲದ್ದು ಒಳ್ಳೆಯದೇ ಆಯಿತಲ್ಲ’ ಎಂದ. ಕವಿ ಅದನ್ನು ಯೋಚಿಸಿರಲಿಕ್ಕಿಲ್ಲ. ಆದರೂ ಆ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಕವಿಯ ಮನಸ್ಸಿನಲ್ಲಿ ಇದ್ದಿರಬಹುದಾದದ್ದು ಬೇರೆ. ನಿಮ್ಮ ತರಗತಿಯಲ್ಲಿ ಇಗರ್ಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೇ ಕೇಳಿ. ಬೈಬಲಿನ ಆದಿಕಾಂಡದಲ್ಲಿ ಯಾಕೋಬ ಕನಸಿನಲ್ಲಿ ಭೂಮಿಯಿಂದ ಆಕಾಶಕ್ಕೆ ಮುಟ್ಟುವ ಏಣಿ ಕಾಣುತ್ತಾನೆ, ದೇವದೂತರು ಅದನ್ನು ಹತ್ತಿಳಿಯುತ್ತಾರೆ. ಅಮೆರಿಕದ ಗುಲಾಮರ ಭಕ್ತಿಗೀತೆಗಳಲ್ಲಿ ಆ ಏಣಿಯನ್ನು ಹತ್ತುವ ಹಾಡು ಪ್ರಸಿದ್ಧ. ಆ ಏಣಿಯನ್ನು ಹ್ಯೂಸ್ ಆಕಾಶದಿಂದ ಇಳಿಸಿ ಬಾಡಿಗೆ ಮನೆಯಲ್ಲಿ ಒರಗಿಸಿದ್ದಾನೆ.

ಗೈಡುಗಳ ಬಗ್ಗೆ ಎಚ್ಚರಿಕೆ. ಹಲವು ಕಡೆ ಇದು ಕವಿಯ ಸ್ವಂತ ತಾಯಿ ಹೇಳಿದ ಬುದ್ಧಿಮಾತು ಎಂಬಂತೆ ಬರೆದಿರುತ್ತಾರೆ. ಹ್ಯೂಸ್ ಚಿಕ್ಕವನಿದ್ದಾಗಲೇ ತಂದೆ ದೂರವಾಗಿ ಮೆಕ್ಸಿಕೋದಲ್ಲಿ ನೆಲೆಸಿದ್ದ. ತಾಯಿ ಕೆಲಸ ಹುಡುಕಿ ಊರೂರು ಅಲೆಯುತ್ತಿದ್ದುದರಿಂದ ಹುಡುಗ ಬೆಳೆದದ್ದು ಹೆಚ್ಚಾಗಿ ಕಾನ್ಸಸ್‌ನ ಲಾರೆನ್ಸ್ ಪಟ್ಟಣದಲ್ಲಿ, ಅಜ್ಜಿಯ ಮನೆಯಲ್ಲಿ. 1921ರಲ್ಲಿ ತಂದೆಯ ಹಣದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ ಒಂದೇ ವರ್ಷಕ್ಕೆ ಬಿಟ್ಟ. ಹೀಗೆ ಓದು ಬಿಟ್ಟವನ ಲೇಖನಿಯಿಂದಲೇ, ಬಿಟ್ಟ ವರ್ಷವೇ, ‘ಕುಳಿತುಬಿಡಬೇಡ’ ಎಂಬ ಪದ್ಯ ಅಚ್ಚಾಯಿತು. ಮುಂದೆ 1926ರಲ್ಲಿ ತನ್ನ ಮೊದಲ ಸಂಕಲನಕ್ಕೆ ಅದನ್ನು ಸೇರಿಸಿಕೊಂಡ. ಹಿಂದಿರುಗಬೇಡ ಎಂಬುದಕ್ಕೆ ಕಾಲೇಜು ಬಿಡಬೇಡ ಎಂದೇ ಅರ್ಥ ಹಚ್ಚುವ ಪ್ರಾಂಶುಪಾಲರಿಗೆ ಇದನ್ನು ಹೇಳಲು ಹೋಗಬೇಡಿ.

ನೀವು ಕೇಳದೆ ಬಿಟ್ಟ ಒಂದು ವಿಷಯವನ್ನು ಸೇರಿಸುತ್ತೇನೆ, ಈಗಿನ ಮಕ್ಕಳನ್ನು ನೋಡಿದಾಗ ಅದು ಮುಖ್ಯ ಎನಿಸುತ್ತದೆ. ತಾಯಿ ‘ಲ್ಯಾಂಡಿಂಗ್’ಗಳನ್ನು ತಲುಪಿದೆ ಎನ್ನುತ್ತಾಳೆ. ಮೆಟ್ಟಿಲು ತಿರುಗುವಲ್ಲಿ ಬರುವ ಸಮತಟ್ಟು ಜಾಗ. ನಮ್ಮ ಮೇಸ್ತ್ರಿಗಳೂ ಅದನ್ನು ಲ್ಯಾಂಡಿಂಗ್ ಎಂದೇ ಕರೆಯುತ್ತಾರೆ. ಅಲ್ಲಿ ಕೊಡ ಇಳಿಸಿ ಉಸಿರು ತೆಗೆದುಕೊಳ್ಳಬಹುದು. ಅವಳು ಬೇಡವೆನ್ನುವುದು ಮೆಟ್ಟಿಲ ಮೇಲೆ ಕುಳಿತುಬಿಡುವುದನ್ನು. ದಣಿವಾರಿಸಿಕೊಳ್ಳುವುದನ್ನು ಅವಳು ಎಲ್ಲೂ ಬೈದಿಲ್ಲ. ರಾತ್ರಿ ನಿದ್ದೆ ಬಾರದ, ಊಟ ಸೇರದ ವಿದ್ಯಾರ್ಥಿಯೊಬ್ಬ ನಿಮ್ಮ ತರಗತಿಯಲ್ಲಿದ್ದರೆ ಈ ಪದ್ಯ ಅವನ ಬೆನ್ನಿಗೆ ಚಾವಟಿಯಾಗಬಾರದು. ಅವನಿಗೆ ಹತ್ತನೆಯ ಸಾಲನ್ನು ಓದಿ ಹೇಳಿ. ಆಮೇಲೂ ಅವನು ಹಾಗೆಯೇ ಇದ್ದರೆ ಪದ್ಯ ಬಿಟ್ಟು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಉಳಿದದ್ದು ಅನುವಾದ. ‘ಹಿಂದಿರುಗದಿರು ಕಂದ’ ಎಂಬಂಥ ಕನ್ನಡಕ್ಕೆ ತಂದರೆ ತಾಯಿ ಸತ್ತೇ ಹೋಗುತ್ತಾಳೆ. ಹಾಗೆಂದು ಮೈಸೂರು ಕಡೆಯ ಆಡುಮಾತನ್ನೋ ಧಾರವಾಡದ್ದನ್ನೋ ಎರವಲು ತಂದು ಹಾಕಿದರೆ ಅದು ನಿಮ್ಮ ಮಕ್ಕಳಿಗೆ ಸಿನಿಮಾದ ಮಾತಿನಂತೆ ಕೇಳುತ್ತದೆ. ನಮ್ಮ ಜಿಲ್ಲೆಗಳ ತೊಡಕು ಬೇರೆಯೇ. ಇಲ್ಲಿ ಬಹಳ ಮಂದಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಅದಕ್ಕೇ ಬೆಂಗಳೂರಿಗೆ ಹೋದಾಗ ನಮ್ಮದು ಪುಸ್ತಕದ ಕನ್ನಡ ಎಂದು ತಮಾಷೆ ಮಾಡಿಸಿಕೊಳ್ಳುತ್ತೇವೆ. ಮನೆಯಲ್ಲಿ ತಾಯಂದಿರು ಬೈದದ್ದು, ಮುದ್ದಿಸಿದ್ದು, ಎಬ್ಬಿಸಿದ್ದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕುಂದಾಪ್ರ ಕನ್ನಡದಲ್ಲಿ. ಹಾಗಾಗಿ ಒಂದು ಕನ್ನಡವನ್ನು ಆರಿಸುವ ಭಾರ ನೀವು ಹೊರಬೇಡಿ. ‘ಕುಳಿತುಬಿಡಬೇಡ’ ಎಂಬ ಒಂದೇ ಮಾತನ್ನು ಹಲಗೆಯ ಮೇಲೆ ಬರೆದು, ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಕೇಳಿ. ನನಗಾದರೆ ‘ಕುಲ್ಲೊಡ್ಚಿ’ ಎಂದಾಗಲೇ ಅದು ಕಿವಿಗೆ ತಾಗುತ್ತದೆ. ಹಲಗೆ ತುಂಬಿದ ಮೇಲೆ ನಕ್ಕ ಮಕ್ಕಳಿಗೆ ಹ್ಯೂಸ್‌ನ ಇಂಗ್ಲಿಷನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ ಹೇಳಿ. ಏಳನೆಯ ಸಾಲಿನಲ್ಲಿ ಒಂದೇ ಪದವಿದೆ, ‘ಬೇರ್’. ಬರಿದು. ಅಲ್ಲಿ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಕಾಲಿಗೆ ತಣ್ಣನೆಯ ನೆಲ ಸಿಕ್ಕಿದಂತೆ, ಆಮೇಲೆ ಮುಂದಕ್ಕೆ ಹೋಗಿ.

ಕೊನೆಯ ಬೆಂಚಿನ ಹುಡುಗಿಗೆ ಪ್ರಬಂಧ ಬರೆಯಲು ಹೇಳಬೇಡಿ. ಪದ್ಯವನ್ನು ಮನೆಗೆ ಒಯ್ದು, ಸಂಜೆ ತಾಯಿ ಬೀಡಿ ಕಟ್ಟುತ್ತ ಕುಳಿತಾಗ ಅರ್ಥ ಹೇಳಲಿ, ಮಗನ ಬದಲು ಮಗಳು ಎಂದುಕೊಂಡು. ಆಮೇಲೆ ತಾಯಿ ಏನೆನ್ನುತ್ತಾರೋ ಅದನ್ನು ಅವರ ಮಾತಿನಲ್ಲೇ, ತಿದ್ದದೆ, ಬರೆದುಕೊಂಡು ಬರಲಿ. ಅವರು ಒಪ್ಪಿದರೆ ಒಂದು ಪ್ರತಿ ನನಗೂ ಕಳುಹಿಸಿ.